ಕಾರ್ಬೈಡ್ ಟೂಲ್ ಮೇಲೆ ಪದರ ಪದರ ವಜ್ರ

ಸಿಲಿಕಾನ್ ಹೆಚ್ಚಿರುವ ಅಲ್ಯೂಮಿನಿಯಂಗೆ ತೂತು ಹೊಡೆಯುವಾಗ ಬರಿ ಕಾರ್ಬೈಡ್ (ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಕಣಗಳನ್ನು ಕೋಬಾಲ್ಟ್ ಲೋಹದಿಂದ ಬೆಸೆದದ್ದು) ಡ್ರಿಲ್ ಎರಡು ರೀತಿ ಕೆಡುತ್ತದೆ. ಸಿಲಿಕಾನ್ ಕಣ ಅಂಚನ್ನು ಉಜ್ಜಿ ಸವೆಸುತ್ತದೆ, ಮೆತ್ತಗಿನ ಅಲ್ಯೂಮಿನಿಯಂ ಅಂಚಿಗೇ ಮೆತ್ತಿಕೊಳ್ಳುತ್ತದೆ. ನರಸಾಪುರ, ಮಾಲೂರು ಕಡೆ ಗಾಡಿ ಭಾಗಗಳ ಕೆಲಸಕ್ಕೆ ಹೋಗುವವರು ಇದನ್ನು ಮೊದಲ ವಾರವೇ ನೋಡುತ್ತೀರಿ. ವಜ್ರದ ಲೇಪನ ಎರಡಕ್ಕೂ ಮದ್ದು. ಉಕ್ಕಿಗೆ ಮಾತ್ರ ಬೇಡ: ಕತ್ತರಿಸುವ ಬಿಸಿಯಲ್ಲಿ ವಜ್ರದ ಇಂಗಾಲ ಕಬ್ಬಿಣದೊಳಗೆ ಕರಗಿಹೋಗುತ್ತದೆ.

ಲೇಪನ ನಿಲ್ಲುವುದೋ ಕಿತ್ತುಬರುವುದೋ ಅನ್ನೋದು ಟೂಲನ್ನು ಚೇಂಬರಿಗೆ (ಅನಿಲದಿಂದ ವಜ್ರ ಬೆಳೆಸುವ ಪೆಟ್ಟಿಗೆಗೆ) ಹಾಕುವ ಮೊದಲೇ ತೀರ್ಮಾನವಾಗಿರುತ್ತದೆ. ಕಾರ್ಬೈಡ್ ಕಣಗಳನ್ನು ಹಿಡಿದಿಡುವ ಕೋಬಾಲ್ಟ್ (6% ಇರುವ ದರ್ಜೆ ಆಯ್ದುಕೊಳ್ಳಿ) ಬಿಸಿಯಲ್ಲಿ ಇಂಗಾಲವನ್ನು ವಜ್ರವಾಗಲು ಬಿಡದೆ ಮಸಿ ಮಾಡಿಬಿಡುತ್ತದೆ. ಅದಕ್ಕೇ ಎರಡು ಸ್ನಾನ. ಮೊದಲನೆಯದು ಮುರಕಾಮಿ ದ್ರಾವಣ: 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್, 10 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್, 100 ಮಿ.ಲೀ. ನೀರು, ಅಲ್ಟ್ರಾಸಾನಿಕ್‌ನಲ್ಲಿ (ಶಬ್ದದ ಕಂಪನ ಕೊಡುವ ತೊಟ್ಟಿಯಲ್ಲಿ) ಸುಮಾರು 10 ನಿಮಿಷ. ಗಾರೆಗೆ ಮುಂಚೆ ಗೋಡೆಗೆ ಕಚ್ಚು ಹೊಡೆದ ಹಾಗೆ ಇದು ಕಾರ್ಬೈಡನ್ನು ತರಿ ಮಾಡುತ್ತದೆ. ಆಮೇಲೆ ಸಲ್ಫ್ಯೂರಿಕ್ ಆಮ್ಲ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹತ್ತೇ ಸೆಕೆಂಡ್. ಮೇಲ್ಮೈ ಕೋಬಾಲ್ಟ್ ಕರಗುತ್ತದೆ. ಜಾಸ್ತಿ ಬಿಟ್ಟರೆ ಅಂಚು ಒಳಗೊಳಗೇ ಟೊಳ್ಳಾಗಿ ಮುರಿಯುತ್ತದೆ. ಎರಡರ ನಡುವೆ ಚೆನ್ನಾಗಿ ತೊಳೆಯಲೇಬೇಕು: ಫೆರಿಸಯನೈಡಿಗೆ ಬಿಸಿ ಆಮ್ಲ ತಾಗಿದರೆ ವಿಷದ ಸಯನೈಡ್ ಅನಿಲ ಏಳುತ್ತದೆ.

ಇನ್ನು ಬಿತ್ತನೆ, ಅಂದರೆ ಹರಳು ಬೆಳೆಯಲು ವಜ್ರದ ಬೀಜ ಕೂರಿಸುವುದು. ನ್ಯಾನೊ ವಜ್ರದ ಪುಡಿ ಕಲಸಿದ ದ್ರವದಲ್ಲಿ ಅಲ್ಟ್ರಾಸಾನಿಕ್. ರಾಗಿ ಚೆಲ್ಲಿದ ಹಾಗೆ ಒತ್ತಾಗಿ ಬೀಳಬೇಕು. ತೆಳುವಾದರೆ ಹರಳುಗಳ ಬುಡದಲ್ಲಿ ಪೊಳ್ಳು ಉಳಿಯುತ್ತದೆ.

ಚೇಂಬರಿನಲ್ಲಿ ಅನಿಲವನ್ನು ಒಡೆಯುವ ಕಾದ ತಂತಿ 2000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಟೂಲ್ ಸುಮಾರು 800. ಹೈಡ್ರೋಜನ್‌ಗೆ 1–2% ಮೀಥೇನ್ ಬಿಟ್ಟರೆ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಗಾತ್ರದ ದಪ್ಪ ಹರಳು, ತಳಕ್ಕೆ ಭದ್ರವಾಗಿ ಕಚ್ಚುತ್ತದೆ, ಆದರೆ ಮೇಲೆ ತರಿತರಿ. ಮೀಥೇನ್ 4–5%ಗೆ ಏರಿಸಿ ಅನಿಲದ ಒತ್ತಡ ಇಳಿಸಿದರೆ ಹರಳಿನ ಮೇಲೇ ಹೊಸ ಹರಳು ಹುಟ್ಟಿ, 100 ನ್ಯಾನೊಮೀಟರಿಗಿಂತ ಸಣ್ಣ ಕಣಗಳ ನುಣುಪು ಪದರ ಬರುತ್ತದೆ. ಗಡಸುತನ ಕೊಂಚ ಕಮ್ಮಿ, ಜಾರಿಕೆ ಜಾಸ್ತಿ. ದಪ್ಪದ್ದು ತಳಕ್ಕೆ, ನುಣುಪು ಮೇಲಕ್ಕೆ. ನಡುವೆ ಬೇಕಾದಷ್ಟು ಸಲ ಅದಲುಬದಲು. ಕಂಬದಂತೆ ಬೆಳೆದ ಹರಳುಗಳ ಸಂದಿನಲ್ಲಿ ನೇರ ಇಳಿಯುವ ಬಿರುಕು ನುಣುಪು ಪದರ ಸಿಕ್ಕಾಗ ಪಕ್ಕಕ್ಕೆ ತಿರುಗಿ ಸೋಲುತ್ತದೆ. ಪದರ ಮಾಡುವ ಅಸಲಿ ಲಾಭ ಇದೇ, ಗಡಸುತನವಲ್ಲ.

ಇಷ್ಟಾದರೂ 20 ಮೈಕ್ರಾನ್ ಬೆಳೆಸುವ ಆಸೆ ಬೇಡ. ತಣಿಯುವಾಗ ಕಾರ್ಬೈಡ್ ವಜ್ರಕ್ಕಿಂತ ಹಲವು ಪಟ್ಟು ಕುಗ್ಗುತ್ತದೆ. ಆ ಒತ್ತಡ ಚೂಪು ಅಂಚಿನಲ್ಲೇ ಸೇರಿಕೊಂಡು ಸಿಪ್ಪೆ ಎಬ್ಬಿಸುತ್ತದೆ. ದಪ್ಪವಾದಷ್ಟೂ ಅಂಚು ಮೊಂಡಾಗುವುದು ಬೇರೆ. 8–10 ಮೈಕ್ರಾನ್ ಸಾಕು.

ಪರೀಕ್ಷೆಗೆ ರಾಕ್‌ವೆಲ್ ಮೊನೆ (ಗಡಸುತನ ಅಳೆಯುವ ಯಂತ್ರದ ವಜ್ರದ ತುದಿ) ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಗುಳಿಯ ಸುತ್ತ ಸಣ್ಣ ಗೀರುಗಳಷ್ಟೇ ಇದ್ದರೆ ಸರಿ. ಸಿಪ್ಪೆ ಎದ್ದಿದ್ದರೆ ಅದನ್ನು ಮಗುಚಿ ನೋಡಿ: ಅಡಿ ಕರ್ರಗೆ ಮಸಿಯಾಗಿದ್ದರೆ ಕೋಬಾಲ್ಟ್ ಉಳಿದಿತ್ತು ಅಂತಲೇ ಮೊದಲು ಅನುಮಾನಿಸಿ.