ಮನೆಯ ತೆಂಗಿನೆಣ್ಣೆ ಆಟಿಯಲ್ಲಿ ಕಮಟು ಬರುವುದು ಯಾಕೆ?

ಪ್ರಶ್ನೆ: ನಮ್ಮದೇ ತೋಟದ ಕಾಯಿ, ಮಿಲ್ಲಿನಲ್ಲಿ ನಾವೇ ನಿಂತು ತೆಗೆಸಿದ ಎಣ್ಣೆ. ಆದ್ರೂ ಆಟಿ (ತುಳುನಾಡಿನ ಜುಲೈ-ಆಗಸ್ಟಿನ ಮಳೆ ತಿಂಗಳು) ಬರುವಷ್ಟರಲ್ಲಿ ಕಮಟು ವಾಸನೆ. ಪೇಟೆಯಿಂದ ತಂದದ್ದು ಹಾಗೆ ಆಗುದಿಲ್ಲ. ಉಪ್ಪಿನ ಹರಳು ಹಾಕಿದ್ರೆ ನಿಲ್ತದೆ ಅಂತಾರೆ, ಹೌದಾ?

ಉಪ್ಪಿನ ವಿಷಯ ಮೊದಲು ಮುಗಿಸುವ. ಉಪ್ಪು ಎಣ್ಣೆಯಲ್ಲಿ ಕರಗುದಿಲ್ಲ, ಡಬ್ಬದ ಅಡಿಯಲ್ಲಿ ಸ್ವಲ್ಪ ನೀರಿದ್ರೆ ಅದನ್ನು ಎಳ್ಕೊಂಡು ಕೂತ್ಕೊಳ್ತದೆ, ಅಷ್ಟೇ. ಆದ್ರೆ ಹಾಕಿದ ಅಜ್ಜಿಯಂದಿರ ಲೆಕ್ಕ ಪೂರ್ತಿ ತಪ್ಪಲ್ಲ, ಯಾಕಂದ್ರೆ ಇಲ್ಲಿ ಕಿತಾಪತಿ ಎಲ್ಲ ನೀರಿನದ್ದೇ.

ತೆಂಗಿನೆಣ್ಣೆಯಲ್ಲಿ ಸುಮಾರು 90 ಶೇಕಡ ಸ್ಯಾಚುರೇಟೆಡ್ ಕೊಬ್ಬು, ಹಾಗಾಗಿ ಗಾಳಿ ಬೆಳಕು ತಾಗಿ ಕೆಡುದು ಸೂರ್ಯಕಾಂತಿ ಎಣ್ಣೆಗಿಂತ ಎಷ್ಟೋ ನಿಧಾನ. ಇದಕ್ಕೆ ಬರುವ ರೋಗ ಬೇರೆ. ಕೊಪ್ಪರದಲ್ಲಿ ನೀರು ಉಳಿದ್ರೆ ಬೂಸ್ಟು ಹಿಡಿತದೆ, ಆ ಬೂಸ್ಟು ಲೈಪೇಸ್ ಅನ್ನುವ ಕಿಣ್ವ ಬಿಡ್ತದೆ, ಅದು ನೀರಿನ ಜೊತೆ ಸೇರಿ ಕೊಬ್ಬನ್ನು ಒಡೆದು ಆಮ್ಲ ಮಾಡ್ತದೆ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲವೇ ಇರುದರಿಂದ ಹೀಗೆ ಒಡೆದ ಎಣ್ಣೆ ಬಾಯಿಗೆ ಹಾಕಿದ್ರೆ ಸಾಬೂನು ನೆಕ್ಕಿದ ಹಾಗೆ. ಅಂದ್ರೆ ಆಟಿಯಲ್ಲಿ ನಿಮಗೆ ವಾಸನೆ ಬಂದ ಎಣ್ಣೆ ಎಪ್ರಿಲ್‌ನಲ್ಲೇ ಅಂಗಳದಲ್ಲಿ ಕೆಡ್ಲಿಕ್ಕೆ ಶುರುವಾಗಿತ್ತು.

ಬಲಿತ ಕಾಯಿಯ ತಿರುಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕರ್ಧ ನೀರೇ. ಕೊಪ್ಪರದಲ್ಲಿ ಅದು 6 ಶೇಕಡಕ್ಕೆ ಇಳಿಬೇಕು. ಮೀಟರ್ ಎಲ್ಲಿಂದ ತರುದು ಅಂತ ಕೇಳ್ಬೇಡಿ, ತಕ್ಕಡಿ ಸಾಕು. ಗೆರಟೆಯಿಂದ (ಚಿಪ್ಪಿನಿಂದ) ಎಬ್ಬಿಸಿದ ಹಸಿ ತಿರುಳು ಒಂದಿಷ್ಟು ಬೇರೆ ಇಟ್ಟು ತೂಗಿ, ಬರ್ಕೊಂಡು, ಒಟ್ಟಿಗೇ ಒಣಗಿಸಿ. 10 ಕಿಲೋ ಇದ್ದದ್ದು ಸುಮಾರು 5.3 ಕಿಲೋಗೆ ಬಂದ್ರೆ ಸರಿಯಾಯ್ತು. 6 ಕಿಲೋದಲ್ಲೇ ನಿಂತಿದ್ರೆ ಅದರಲ್ಲಿ ಇನ್ನೂ 16-17 ಶೇಕಡ ನೀರುಂಟು ಅಂತ ಅರ್ಥ, ಮೇಲಿಂದ ನೋಡ್ಲಿಕ್ಕೆ ಎಷ್ಟು ಚಂದ ಒಣಗಿದ ಹಾಗೆ ಕಂಡ್ರೂ. ತೂಗುವ ತಾಳ್ಮೆ ಇಲ್ಲದವರು ಹೋಳು ಬಗ್ಗಿಸಿ ನೋಡಿ, ಟಕ್ ಅಂತ ಮುರಿಬೇಕು, ಬಳುಕಿದ್ರೆ ಮತ್ತೆ ಬಿಸಿಲಿಗೆ.

ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುದು ಟರ್ಪಾಲಿನಿಂದ. ಮೇ ತಿಂಗಳಲ್ಲಿ ಮಧ್ಯಾಹ್ನ ಮೇಲೆ ಗುಡುಗು ಕೇಳಿದ ಕೂಡ್ಲೆ ಬಿಸಿ ಬಿಸಿ ಕೊಪ್ಪರವನ್ನು ರಾಶಿ ಮಾಡಿ ಟರ್ಪಾಲು ಮುಚ್ಚಿ ಒಳಗೆ ಹೋಗ್ತೇವೆ, ಬೆಳಿಗ್ಗೆ ತೆಗೆದು ನೋಡಿದ್ರೆ ಟರ್ಪಾಲಿನ ಒಳಮೈ ಪೂರ್ತಿ ಬೆವರು, ಕೈ ತಾಗಿದ್ರೆ ಹನಿ ಹನಿ ಬೀಳ್ತದೆ. ಆ ನೀರೆಲ್ಲ ಎಲ್ಲಿಗೆ ಹೋಗ್ತದೆ ಹೇಳಿ, ವಾಪಸು ಕೊಪ್ಪರಕ್ಕೇ. ಒಂದೇ ರಾತ್ರಿಯಲ್ಲಿ ಹೋಳಿನ ಒಳಗೆ ಲೋಳೆ ಲೋಳೆ. ಅದರ ಬದಲು ಒಳಗೆ ಜಗಲಿಯಲ್ಲಿ ತೆಳುವಾಗಿ ಹರವಿ ಫ್ಯಾನ್ ಹಾಕಿ, ಕರೆಂಟು ಇದ್ರೆ! ಒಡೆದ ಮೊದಲ ದಿನ ಬಿಸಿಲು ಗಟ್ಟಿ ಸಿಕ್ಕಬೇಕು, ಹಾಗಾಗಿ ಮೋಡ ಕಂಡ ದಿನ ಕಾಯಿ ಒಡಿಲೇಬೇಡಿ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ದಿನ, ಮಳೆಗಾಲ ಹತ್ತಿರ ಬಂತು ಅಂತ ಲೆಕ್ಕ) ದಾಟಿದ ಮೇಲೆ ಅಂಗಳವನ್ನು ನಂಬಿ ಕೂರುದು ಬೇಡ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಯವರು (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ತೆಂಗಿನ ಸಂಶೋಧನೆ ಅಲ್ಲಿ 1916ರಿಂದ ನಡಿತಾ ಉಂಟು) ಗೆರಟೆ ಉರಿಸಿ ಬಿಸಿಗಾಳಿ ಕೊಡುವ ಡ್ರೈಯರ್ ಮಾಡಿದ್ದಾರೆ, ಹೊಗೆ ಕೊಪ್ಪರಕ್ಕೆ ತಾಗುದಿಲ್ಲ. ನಾಲ್ಕು ಮನೆಯವರು ಸೇರಿ ಒಂದು ಇಟ್ಕೊಂಡ್ರೆ ನಷ್ಟವಿಲ್ಲ.

ಇನ್ನು ಮಿಲ್ಲಿನಿಂದ ತಂದ ಮೇಲೆ. ಎಣ್ಣೆ ಬಿಸಿ ಇರುವಾಗಲೇ ಕ್ಯಾನಿನ ಮುಚ್ಚಳ ಬಿಗಿಬೇಡಿ, ಅಲ್ಲೂ ಅದೇ ಬೆವರಿನ ಕಥೆ. ನಾಲ್ಕೈದು ದಿನ ಅಲುಗಾಡಿಸದೆ ಬಿಟ್ಟು, ಮೇಲಿನ ತಿಳಿ ಎಣ್ಣೆಯನ್ನು ಒಣಗಿದ ಸ್ಟೀಲು ಅಥವಾ ಗಾಜಿನ ಪಾತ್ರೆಗೆ ಬಗ್ಗಿಸಿ, ಅಡಿಯ ಗಸಿ ಅದಕ್ಕೆ ಸೇರಬಾರದು. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ ಬೇಡ. ದಿನದ ಖರ್ಚಿಗೆ ಸಣ್ಣ ಬಾಟ್ಲಿ ಬೇರೆ ಇಡಿ, ದೊಡ್ಡ ಡಬ್ಬಕ್ಕೆ ಒದ್ದೆ ಸೌಟು ಹಾಕುವವರ ಕೈ ಹಿಡಿದು ನಿಲ್ಲಿಸಿ. ಡಿಸೆಂಬರ್ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿದ್ರೆ ಗಾಬರಿ ಬೇಡ, 24-25 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುದೇ.

ಪೇಟೆ ಎಣ್ಣೆ? ರಿಫೈನ್ಡ್ ಆದದ್ದಾದ್ರೆ ಆ ಆಮ್ಲವನ್ನೂ ವಾಸನೆಯನ್ನೂ ಫ್ಯಾಕ್ಟರಿಯಲ್ಲೇ ತೆಗೆದಿರ್ತಾರೆ, ಹಾಗಾಗಿ ವಾಸನೆ ಬರ್ಲಿಲ್ಲ ಅಂದ ಮಾತ್ರಕ್ಕೆ ಅವರ ಕೊಪ್ಪರ ನಿಮ್ಮದಕ್ಕಿಂತ ಒಳ್ಳೆದಿತ್ತು ಅಂತ ಹೇಳ್ಲಿಕ್ಕಾಗುದಿಲ್ಲ.

ಈಗಾಗ್ಲೇ ಕಮಟು ಆದದ್ದನ್ನು ಕಾಯಿಸಿದ್ರೂ ಸೋಸಿದ್ರೂ ಸರಿಯಾಗುದಿಲ್ಲ, ದೀಪಕ್ಕೆ ಇಡಿ. ಬೂಸ್ಟು ಹಿಡಿದ ಕೊಪ್ಪರವನ್ನು ಮಾತ್ರ ಒರಸಿ ಮಿಲ್ಲಿಗೆ ಕೊಡ್ಬೇಡಿ ಮಾರಾಯ್ರೆ. ಹಳದಿ ಹಸಿರು ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಅಡುಗೆಯ ಬಿಸಿಗೆ ಹೋಗುವಂಥದ್ದಲ್ಲ, ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿತದೆ, ಹಿಂಡಿ ತಿಂದ ದನದ ಹಾಲಲ್ಲೂ ಬರ್ತದೆ. ಅಂಥ ಹೋಳುಗಳನ್ನು ಮೊದಲೇ ಹೆಕ್ಕಿ ಬಿಸಾಡಿ, ಹಟ್ಟಿಗೂ ಹಾಕ್ಬೇಡಿ.