ಸ್ಕಿಡ್: ಉರುಳುವುದನ್ನು ಮರೆತ ಚಕ್ರ

ಜೂನ್ ತಿಂಗಳ ಮೊದಲ ಮಳೆ ಬಿದ್ದ ಸಂಜೆ ಪುಣೆಯ ತಿರುವೊಂದರಲ್ಲಿ ಸ್ಕೂಟರ್ ಉರುಳಿಬಿದ್ದರೆ, ಸುತ್ತ ಸೇರಿದ ಮರಾಠಿಗರು ‘ಗಾಡಿ ಸ್ಲಿಪ್ ಝಾಲಿ’ ಎನ್ನುತ್ತಾರೆ. ಬಿದ್ದವನು ಕಲಬುರಗಿಯ ಕಡೆಯವನಾಗಿದ್ದರೆ, ಮೊಣಕೈ ಒರೆಸಿಕೊಳ್ಳುತ್ತ ‘ಗಾಡಿ ಸ್ಕಿಡ್ ಆತ್ರಿ’ ಎನ್ನುತ್ತಾನೆ. ಕನ್ನಡದಲ್ಲಿ ಕಾಲು ಜಾರುತ್ತದೆ, ನಾಲಿಗೆ ಜಾರುತ್ತದೆ, ಸೆರಗೂ ಜಾರುತ್ತದೆ. ಗಾಡಿ ಮಾತ್ರ ಸ್ಕಿಡ್ ಆಗುತ್ತದೆ. ಸ್ಲಿಪ್ ಮತ್ತು ಸ್ಕಿಡ್ ಎರಡೂ ಇಂಗ್ಲಿಷಿನಿಂದಲೇ ಬಂದ ಪದಗಳಾದರೂ ಎಂಜಿನಿಯರರ ಲೆಕ್ಕದಲ್ಲಿ ಅವು ಒಂದೇ ಅಲ್ಲ.

ಸ್ಕಿಡ್ ಎಂಬುದು ಮೊದಲಿಗೆ ಜಾರುವಿಕೆಯ ಹೆಸರೇ ಆಗಿರಲಿಲ್ಲ. 17ನೆಯ ಶತಮಾನದ ಇಂಗ್ಲಿಷಿನಲ್ಲಿ ಅದು ಭಾರದ ವಸ್ತುಗಳ ಅಡಿಗೆ ಕೊಡುವ ಮರದ ತೊಲೆಯಾಗಿತ್ತು. ಇಳಿಜಾರಿನಲ್ಲಿ ಕುದುರೆಗಾಡಿ ಕೈಮೀರಿ ಓಡದಂತೆ ಚಕ್ರದ ಅಡಿಗೆ ಕೊಡುತ್ತಿದ್ದ ಮರದ ಅಥವಾ ಕಬ್ಬಿಣದ ತುಂಡಿಗೂ ಅದೇ ಹೆಸರಾಯಿತು. ಅಂದರೆ ಸ್ಕಿಡ್ ಒಂದು ಬಗೆಯ ಬ್ರೇಕು! ಅದರ ಮೇಲೆ ಏರಿ ಕುಳಿತ ಚಕ್ರ ಉರುಳುವುದನ್ನು ಬಿಟ್ಟು ನೆಲವನ್ನು ಕೆರೆಯುತ್ತ ಸಾಗುತ್ತಿತ್ತು. ಚಕ್ರದ ಈ ನಡೆಗೇ 19ನೆಯ ಶತಮಾನದಲ್ಲಿ ಸ್ಕಿಡ್ ಎನ್ನತೊಡಗಿದರು; ಒದ್ದೆ ರಸ್ತೆಯಲ್ಲಿ ಅಡ್ಡಡ್ಡ ಜಾರುವ ಅರ್ಥ ಅದರ ಹಿಂದೆಯೇ ಬಂತು. ತಡೆಯುವ ಸಾಧನದ ಹೆಸರು ತಡೆಯಲಾಗದ ಜಾರುವಿಕೆಗೆ ಅಂಟಿಕೊಂಡದ್ದು ವಿಚಿತ್ರವೆನಿಸಿದರೂ ಭೌತಶಾಸ್ತ್ರಕ್ಕೆ ಒಪ್ಪುವಂಥದ್ದೇ.

ಉರುಳುತ್ತಿರುವ ಚಕ್ರದಲ್ಲಿ ನೆಲಕ್ಕೆ ತಾಗಿದ ಭಾಗವು, ನಡೆಯುವವನು ಊರಿದ ಪಾದದಂತೆ, ಆ ಕ್ಷಣಕ್ಕೆ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅಲ್ಲಿ ಕೆಲಸ ಮಾಡುವುದು ಸ್ಥಿತ ಘರ್ಷಣೆ, ಅಂದರೆ ಒಂದರ ಮೇಲೊಂದು ಜಾರದೆ ತಾಗಿರುವ ಮೇಲ್ಮೈಗಳ ನಡುವಿನ ಹಿಡಿತ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಚಕ್ರ ಲಾಕ್ ಆಯಿತೆಂದರೆ ಟೈರು ರಸ್ತೆಯ ಮೇಲೆ ಉಜ್ಜತೊಡಗುತ್ತದೆ, ಮತ್ತು ಉಜ್ಜುವಾಗಿನ ಘರ್ಷಣೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಈ ಘರ್ಷಣೆಯು ಗಾಡಿ ಸಾಗುತ್ತಿರುವ ದಿಕ್ಕಿಗೆ ವಿರುದ್ಧವಾಗಿ ಮಾತ್ರ ಇರುವುದರಿಂದ, ಹ್ಯಾಂಡಲನ್ನು ಎತ್ತ ತಿರುಗಿಸಿದರೂ ಗಾಡಿ ಹೋಗುವತ್ತಲೇ ಹೋಗುತ್ತದೆ. ಘಟ್ಟದಲ್ಲಿ ಬ್ರೇಕ್ ಫೇಲಾದ ಲಾರಿಯ ಚಕ್ರ ನಿಲ್ಲುವುದಿಲ್ಲ. ಬ್ರೇಕ್ ಒತ್ತಿ ಸ್ಕಿಡ್ ಆದ ಗಾಡಿಯ ಚಕ್ರ ನಿಂತಿರುತ್ತದೆ, ಗಾಡಿ ನಿಂತಿರುವುದಿಲ್ಲ. ಘರ್ಷಣಾಂಕವನ್ನು (ಘರ್ಷಣೆ ಎಷ್ಟು ಬಲವಾದದ್ದೆಂಬ ಅಳತೆ) ಒಣ ಡಾಂಬರಿಗೆ 0.7, ಒದ್ದೆಯಾದದ್ದಕ್ಕೆ 0.4 ಎಂದು ಹಿಡಿದರೆ, ಗಂಟೆಗೆ 50 ಕಿ.ಮೀ. ವೇಗದ ಗಾಡಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಮೊದಲನೆಯದರಲ್ಲಿ ಸುಮಾರು 14 ಮೀಟರ್, ಎರಡನೆಯದರಲ್ಲಿ ಸುಮಾರು 25 ಮೀಟರ್ ಬೇಕು.

ಎಂಜಿನಿಯರರಿಗೆ ಸ್ಲಿಪ್ ಎಂಬುದು ಒಂದು ಅಳತೆ: ಗಾಡಿಯ ವೇಗಕ್ಕಿಂತ ಚಕ್ರದ ಅಂಚಿನ ವೇಗ ಶೇಕಡಾ ಎಷ್ಟು ಕಡಿಮೆಯಿದೆ ಎಂಬ ಲೆಕ್ಕ. ಸರಾಗವಾಗಿ ಉರುಳುವ ಚಕ್ರಕ್ಕೆ ಅದು ಸೊನ್ನೆ, ಪೂರ್ತಿ ಲಾಕ್ ಆದ ಚಕ್ರಕ್ಕೆ ನೂರು. ಕುತೂಹಲದ ಸಂಗತಿಯೆಂದರೆ, ಟೈರಿನ ಹಿಡಿತ ಅತಿ ಹೆಚ್ಚಾಗಿರುವುದು ಸೊನ್ನೆಯಲ್ಲಿ ಅಲ್ಲ, ಸುಮಾರು 10ರಿಂದ 20ರ ನಡುವೆ. ಚಕ್ರ ಲಾಕ್ ಆಗುವ ಸುಳಿವು ಸಿಕ್ಕೊಡನೆ ಎಬಿಎಸ್ (ಆ್ಯಂಟಿ-ಲಾಕ್ ಬ್ರೇಕಿಂಗ್) ವ್ಯವಸ್ಥೆ ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಸಡಿಲಿಸಿ ಮತ್ತೆ ಬಿಗಿದು, ಸ್ಲಿಪ್ಪನ್ನು ಈ 10–20ರ ಆಸುಪಾಸಿನಲ್ಲಿ ಇಡಲು ಹೆಣಗುತ್ತದೆ. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲಿನಿಂದ ಅದು ಕಡ್ಡಾಯವಾಯಿತು. ಹೀಗೆ ನೋಡಿದರೆ ಮರಾಠಿಗರು ಹೇಳುವುದು ಅಳತೆಯ ಹೆಸರು, ನಾವು ಹೇಳುವುದು ಅದರ ಕೊನೆಯ ತುದಿ.

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಮಳೆನೀರು ನಿಂತಾಗ ಇನ್ನೊಂದು ಬಗೆಯ ಜಾರುವಿಕೆ ಕಾದಿರುತ್ತದೆ: ವೇಗ ಹೆಚ್ಚಾದಾಗ ಪಕ್ಕಕ್ಕೆ ಸರಿಯಲು ಸಮಯ ಸಿಗದ ನೀರು ಟೈರನ್ನೇ ಮೇಲಕ್ಕೆತ್ತಿಬಿಡುತ್ತದೆ. 1960ರ ದಶಕದಲ್ಲಿ ನಾಸಾ ವಿಜ್ಞಾನಿಗಳು ವಿಮಾನಗಳಿಗಾಗಿ ಕೊಟ್ಟ ಸೂತ್ರದ ಪ್ರಕಾರ ಆ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಟೈರಿನ ಗಾಳಿಯ ಒತ್ತಡ. 32 ಪಿಎಸ್‌ಐ ಗಾಳಿ ತುಂಬಿದ ಕಾರಿಗೆ ಅದು ಗಂಟೆಗೆ ಸುಮಾರು 94 ಕಿ.ಮೀ. ಆಗುತ್ತದೆ, ಗಾಳಿ ಇಳಿದಿದ್ದರೆ ಇನ್ನೂ ಕಡಿಮೆ.

ಪದದ ಹಳೆಯ ಅರ್ಥವೇನೂ ಸತ್ತಿಲ್ಲ. ಚಕ್ರದ ಬದಲು ಉದ್ದನೆಯ ಕೊಳವೆಗಳ ಮೇಲೆ ಇಳಿಯುವ ಹೆಲಿಕಾಪ್ಟರಿನ ಕಾಲುಗಳು ಸ್ಕಿಡ್‌ಗಳೇ. ಪಂಪು, ಮೋಟಾರು, ಪೈಪುಗಳನ್ನೆಲ್ಲ ಮೊದಲೇ ಜೋಡಿಸಿ ಕೂರಿಸಿದ ಉಕ್ಕಿನ ಚೌಕಟ್ಟಿಗೂ ಕಾರ್ಖಾನೆಗಳಲ್ಲಿ ಸ್ಕಿಡ್ ಎಂದೇ ಹೆಸರು. ಪುಣೆ ಬಳಿಯ ಕೈಗಾರಿಕಾ ಪ್ರದೇಶವಾದ ಭೋಸರಿಯಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಫಿಟ್ಟರನೊಬ್ಬ ಮಳೆಯಲ್ಲಿ ಸ್ಕಿಡ್ ಆಗಿ ಬಿದ್ದು, ಕುಂಟುತ್ತ ಪಾಳಿಗೆ ಬಂದು, ಅಲ್ಲಿ ಸ್ಕಿಡ್ ಒಂದನ್ನು ಅಲುಗಾಡದಂತೆ ಬೋಲ್ಟು ಬಿಗಿದು ನೆಲಕ್ಕೆ ಕಚ್ಚಿಸುವುದುಂಟು.