ಶಾಲೆ ಅಂಗಳಕ್ಕೆ ಔಷಧದ ಪಂಪು ಬಂದದ್ದು ಹೇಗೆ?

ಜುಲೈ ಕಡೆಯ ವಾರ ಬಂತೆಂದರೆ ಕೊಪ್ಪಳ, ರಾಯಚೂರು ಕಡೆಯ ಶಾಲೆಗಳಲ್ಲಿ ಒಂದು ಮಾತು ಏಳುತ್ತದೆ. ಮೈದಾನದಲ್ಲಿ ಕಸ ಮೊಣಕಾಲುದ್ದ ಬೆಳೆದಿದೆ, ಧ್ವಜಾರೋಹಣ ಹತ್ತಿರ ಬಂತು, ಕಸ ಸಾಯುವ ಔಷಧ ಹೊಡೆಸೋಣವಾ? ಹೊಡೆಸಿ ಮುಗಿಸಿ ಅನ್ನುವವರು ಕೆಲವರು. ಮಕ್ಕಳು ಆಡೋ ಜಾಗ, ಬೇಡ ಅನ್ನುವವರು ಕೆಲವರು. ಯಾರ ಕೆಲಸ ಅನ್ನುವುದು ಅದಕ್ಕಿಂತ ದೊಡ್ಡ ಗೊಂದಲ. ಸೊಳ್ಳೆ ಆರೋಗ್ಯ ಇಲಾಖೆಗೆ ಸೇರಿದ್ದು. ಚರಂಡಿ ಗ್ರಾಮ ಪಂಚಾಯ್ತಿಗೆ. ಕಟ್ಟಡ ಶಿಕ್ಷಣ ಇಲಾಖೆಗೆ. ಔಷಧದ ಅಂಗಡಿ ಮೇಲೆ ಕಣ್ಣಿಡುವುದು ಕೃಷಿ ಇಲಾಖೆ. ಹಾವು ಬಂದರೆ ಅರಣ್ಯ ಇಲಾಖೆಗೆ ಫೋನು. ಕಡೆಗೆ ಎಲ್ಲವೂ ಬಂದು ನಿಲ್ಲುವುದು ಮುಖ್ಯಗುರುಗಳ ಟೇಬಲ್ ಮೇಲೆ. ಈ ಗಂಟು ಬಿದ್ದದ್ದು ನಿನ್ನೆ ಮೊನ್ನೆ ಅಲ್ಲ.

ಶುರು ಆಗಿದ್ದು ನೀರಿನಿಂದ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆಂದು ಲೆಕ್ಕ ಹಾಕಿದ್ದ ನೀರಲ್ಲಿ ಭತ್ತ ಬಂತು. ಭತ್ತದ ಜೊತೆ ಸೊಳ್ಳೆ, ಇಲಿ, ಆಮೇಲೆ ಔಷಧದ ಅಂಗಡಿ. ಅದೇ ವರ್ಷ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಹಳ್ಳಿ ಗೋಡೆಗಳಿಗೆ ಡಿಡಿಟಿ ಬಿತ್ತು. ಮುಂದಿನ ಐವತ್ತು ವರ್ಷವನ್ನು ಬೇಗ ಹೇಳಿಬಿಡಬಹುದು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಅನ್ನೋ ಕೀಟನಾಶಕ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. 1989ರಲ್ಲಿ ಡಿಡಿಟಿಯನ್ನು ಹೊಲದಿಂದ ಹೊರಗಿಟ್ಟರು. 1997ರಲ್ಲಿ ಬಿಎಚ್‌ಸಿ, ಅಂದರೆ ನಮ್ಮ ಹಿರಿಯರು ಗ್ಯಾಮಕ್ಸಿನ್ ಪುಡಿ ಅನ್ನುತ್ತಿದ್ದದ್ದು, ನಿಂತಿತು. 2011ರಲ್ಲಿ ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು.

ಒಂದು ಹೋದರೆ ಇನ್ನೊಂದು ಬಂತು. ಆದರೆ ಔಷಧ ಹೊಡೆದರೆ ಕೆಲಸ ಆದಂತೆ ಅನ್ನೋ ಅಭ್ಯಾಸ ಮಾತ್ರ ಹೋಗಲಿಲ್ಲ. ಹತ್ತಿಗೆ, ಮೆಣಸಿನಕಾಯಿಗೆ, ಭತ್ತಕ್ಕೆ ವಾರಕ್ಕೊಮ್ಮೆ ಪಂಪು ಹೆಗಲಿಗೇರಿಸುವ ಊರಲ್ಲಿ, ಅದೇ ಪಂಪು ಶಾಲೆಗೆ ಬಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ ಅಲ್ವಾ?

ಶಾಲೆಯ ಮಟ್ಟಿಗೆ ಕಥೆ ತಿರುಗಿದ್ದು 2002ರಲ್ಲಿ. ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಇದ್ದವು. ಬಿಸಿಯೂಟದಿಂದ ಆದ ಒಳ್ಳೆಯದನ್ನು ಮತ್ತೆ ಹೇಳಬೇಕಾಗಿಲ್ಲ. ಆದರೆ ಅಡುಗೆ ಮನೆ ಬಂತು ಎಂದರೆ ಅಕ್ಕಿ ಚೀಲ ಬಂತು, ಬೇಳೆ ಬಂತು, ಮುಸುರೆ ನೀರು ಬಂತು, ಉಳಿದ ಅನ್ನ ಬಂತು. ಅದರ ಹಿಂದೆ ಇಲಿ, ಹೆಗ್ಗಣ, ಇರುವೆ, ನೊಣ. ಇಲಿ ಬಂದ ಮೇಲೆ ಹಾವು ಬರದೇ ಇರುತ್ತದಾ?

ಇದಕ್ಕೆ ನಮ್ಮ ಮಣ್ಣೂ ಸೇರಿಕೊಂಡಿತು. ಈ ಮೂರೂ ಜಿಲ್ಲೆಗಳಲ್ಲಿ ಎರೆ ಭೂಮಿ ಜಾಸ್ತಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಡಿಪಾಯ ಸರಿ ಇಲ್ಲದ ಕಟ್ಟಡ ಕೆಲವೇ ವರ್ಷಗಳಲ್ಲಿ ಬಾಯಿ ಬಿಡುತ್ತದೆ. ಗೋಡೆ ಮೂಲೆಯಲ್ಲಿ ಸೀಳು, ನೆಲದ ಕಲ್ಲಿನ ಸಂದಿ, ಕಟ್ಟೆ ಕೆಳಗೆ ಪೊಳ್ಳು. ಬೇಸಿಗೆಯಲ್ಲಿ ಮೈದಾನದ ಬಿರುಕಿನಲ್ಲಿ ಚೇಳು, ಮಳೆಗಾಲದಲ್ಲಿ ಅಲ್ಲಿಗೆ ನೀರು ನುಗ್ಗಿದಾಗ ಎಲ್ಲವೂ ಒಣ ಜಾಗ ಹುಡುಕಿ ಕೋಣೆಗೆ. ಬೇಲಿಗೆಂದು ಬೆಳೆದ, ಅಥವಾ ತಾನೇ ಬೆಳೆದುಕೊಂಡ ಬಳ್ಳಾರಿ ಜಾಲಿ ಇದ್ದರಂತೂ ಹಾವಿಗೆ ನೆರಳು, ಇಲಿಗೆ ಮರೆ. 2019ರಲ್ಲಿ ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯೊಳಗೇ ಹಾವು ಕಚ್ಚಿ ಒಬ್ಬ ಬಾಲಕಿ ತೀರಿಕೊಂಡಳು. ಅಲ್ಲೂ ಮಾತು ಬಂದದ್ದು ಗೋಡೆ ಬುಡದ ಬಿಲದ ಬಗ್ಗೆ.

ಹಾವಿನ ಹೆದರಿಕೆಗೆ ಈ ಕಡೆ ಜನ ಕಂಡುಕೊಂಡ ಉಪಾಯ ಥಿಮೆಟ್. ಅಂದರೆ ಫೋರೇಟ್ ಗುಳಿಗೆ. ಬೆಳೆಯ ಬೇರಿನ ಹತ್ತಿರ ಮಣ್ಣಲ್ಲಿ ಹಾಕುವುದಕ್ಕೆ ಬಂದ ಔಷಧ ಇದು. ಅದರ ಗಬ್ಬು ವಾಸನೆಗೆ ಹಾವು ಹತ್ತಿರ ಸುಳಿಯುವುದಿಲ್ಲ ಅನ್ನೋ ನಂಬಿಕೆಯಿಂದ ಹೊಲದ ಮನೆ, ದನದ ಕೊಟ್ಟಿಗೆ, ಶಾಲೆ ಕಾಂಪೌಂಡ್ ಸುತ್ತ ಉದುರಿಸುವುದು ರೂಢಿಯಾಯಿತು. ಹಾವು ಇದಕ್ಕೆ ಹೆದರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಮಗು ಹೆದರಬೇಕು ಅನ್ನುವುದಕ್ಕೆ ಮಾತ್ರ ಬೇಕಾದಷ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತಿ ಹೆಚ್ಚು ಅಪಾಯದ ಗುಂಪಿನಲ್ಲಿ ಇಟ್ಟಿದೆ. ಬಾಯಿಂದ ಹೋದರೂ ವಿಷ, ಚರ್ಮದಿಂದ ಹೋದರೂ ವಿಷ. ನೆಲದ ಮೇಲೆ ಗೋಲಿ ಆಡುವ ಮಕ್ಕಳ ಕೈ ದಿನಕ್ಕೆ ಎಷ್ಟು ಸಲ ಬಾಯಿಗೆ ಹೋಗುತ್ತದೆ ಎಂದು ಯೋಚಿಸಿದರೆ ಸಾಕು. ಅವರ ತೂಕಕ್ಕೆ ಹೋಲಿಸಿದರೆ ಅವರು ಉಸಿರಾಡುವ ಗಾಳಿಯೂ ದೊಡ್ಡವರಿಗಿಂತ ಜಾಸ್ತಿ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 18 ಕೀಟನಾಶಕಗಳನ್ನು ನಿಷೇಧಿಸಿ ಆದೇಶ ಮಾಡಿತು. ಫೋರೇಟ್ ಬಳಕೆ 2020ರ ಡಿಸೆಂಬರ್ 31ಕ್ಕೆ ನಿಲ್ಲಬೇಕಿತ್ತು. ನುವಾನ್ ಹೆಸರಲ್ಲಿ ಮನೆಮನೆಗೆ ಗೊತ್ತಿದ್ದ ಡೈಕ್ಲೋರ್ವಾಸ್‌ಗೂ ಅದೇ ಗಡುವು. ಕಾಗದದಲ್ಲಿ ಅಲ್ಲಿಗೆ ಕಥೆ ಮುಗಿಯಿತು. ಹೊಲದ ಮನೆ ಅಟ್ಟದ ಮೇಲೆ ಉಳಿದ ಪೊಟ್ಟಣಕ್ಕೆ ಆದೇಶ ಓದಲು ಬರುವುದಿಲ್ಲ.

ಇಲಿ ಪಾಷಾಣದ ಕಥೆಯೂ ಹೀಗೆಯೇ. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ವಿಷಾನಿಲ ಬಿಡುತ್ತದೆ. ಅದನ್ನು ಹಿಟ್ಟಿನ ಉಂಡೆಯಲ್ಲಿ ಕಲಸಿ ಅಡುಗೆ ಕೋಣೆ ಮೂಲೆಯಲ್ಲಿ ಇಡುವುದೆಂದರೆ ಏನು ಎಂದು ಬಿಡಿಸಿ ಹೇಳಬೇಕಾ? 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತು ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಅದು ಶಾಲೆಯ ಹುಳ ಕೊಲ್ಲಲು ತಂದದ್ದಲ್ಲ, ಹೊಲದ ಔಷಧ. ಆದರೆ ಹೊಲದ ಡಬ್ಬಿ ಮತ್ತು ಶಾಲೆಯ ಅಡುಗೆ ಮನೆ ನಡುವೆ ಗೋಡೆ ಎಷ್ಟು ತೆಳು ಅನ್ನುವುದು ಅಂದು ದೇಶಕ್ಕೆಲ್ಲ ಕಾಣಿಸಿತು. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಅನ್ನುವ ನಿಯಮ ಬಿಗಿಯಾಯಿತು. ಔಷಧದ ಡಬ್ಬಿ ಶಾಲೆಯೊಳಗೆ ಇರಬೇಕಾ ಅನ್ನುವ ಪ್ರಶ್ನೆ ಅಷ್ಟು ಜೋರಾಗಿ ಏಳಲಿಲ್ಲ.

ಹಾಗಾದರೆ ಇಲಿಗೆ ಏನು ಮಾಡಬೇಕು? ಕೃಷಿ ವಿಶ್ವವಿದ್ಯಾಲಯಗಳು ರೈತರಿಗೆ ಸಮಗ್ರ ಕೀಟ ನಿರ್ವಹಣೆ ಎಂದು ವರ್ಷಗಳಿಂದ ಹೇಳುತ್ತಿರುವುದರ ತಿರುಳು ಇಲ್ಲಿಗೂ ಸರಿಹೋಗುತ್ತದೆ. ಮೊದಲು ಅದರ ಊಟ, ನೀರು, ಮನೆ ತಪ್ಪಿಸು, ಆಮೇಲೆ ಬೋನು ಇಡು, ಔಷಧ ಕಡೆಗೆ. ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು. ಬಾಗಿಲ ಕೆಳಗೆ ತಗಡಿನ ಪಟ್ಟಿ, ಮೋರಿಗೆ ಜಾಳಿಗೆ, ಅಕ್ಕಿ ಚೀಲ ನೆಲದಿಂದ ಒಂದು ಅಡಿ ಮೇಲೆ, ಗೋಡೆಗೆ ತಾಗದ ಹಾಗೆ. ಉಳಿದ ಅನ್ನ ಮುಚ್ಚಳ ಇರುವ ಡ್ರಮ್ಮಿಗೆ. ಬಿಲಕ್ಕೆ ಗಾಜಿನ ಚೂರು, ಸಿಮೆಂಟು. ಇದು ಪಂಪಿನವನ ಕೆಲಸ ಅಲ್ಲ, ಗೌಂಡಿಯ ಕೆಲಸ.

ಅಲ್ಲೇ ತೊಡಕು ಇರುವುದು. ಸಮಗ್ರ ಶಿಕ್ಷಣದ ಅನುದಾನ 30ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ. ಅಂದರೆ 2,500. ಸೀಮೆಸುಣ್ಣ, ಕರೆಂಟು ಬಿಲ್ಲು, ಫಿನಾಯಿಲ್ ಎಲ್ಲ ಆದ ಮೇಲೆ ಉಳಿಯುವುದರಲ್ಲಿ ಒಂದು ಬಾಟಲಿ ಔಷಧ ಬರುತ್ತದೆ. ಬಿಲ್ಲು ಸಿಗುತ್ತದೆ, ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ. ಗೋಡೆ ಸೀಳು ಮುಚ್ಚುವುದೆಂದರೆ ದುರಸ್ತಿ. ಅದಕ್ಕೆ ಅಂದಾಜು ಪಟ್ಟಿ, ಮಂಜೂರಾತಿ, ಕಾಯುವುದು. ಎಷ್ಟೋ ಶಾಲೆಗಳಲ್ಲಿ ಗುಡಿಸಲು ಡಿ ದರ್ಜೆ ನೌಕರರೂ ಇಲ್ಲ. ಯಾರನ್ನು ಬೈಯುವುದು?

ಇನ್ನು ಕಸದ ಕಥೆ. ನಮ್ಮಲ್ಲಿ ಆಗಸ್ಟ್ 15 ಒಂದೇ ಅಲ್ಲ, ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವಕ್ಕೂ ಧ್ವಜ ಏರುತ್ತದೆ. ಎರಡೂ ಮಳೆಗಾಲದ ನಡುವೆಯೇ. ಈ ಭಾಗದಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರಲ್ಲಿ. ಹಾಗಾಗಿ ಕಾಂಗ್ರೆಸ್ ಕಸ ಹೂ ಬಿಡುವ ಕಾಲಕ್ಕೂ ಮೈದಾನ ಸಿಂಗಾರ ಆಗಬೇಕಾದ ದಿನಕ್ಕೂ ಸರಿಯಾಗಿ ತಾಳೆಯಾಗುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಗಿಡ ಮೈ ತುರಿಕೆ, ಉಬ್ಬಸ ಎರಡನ್ನೂ ತರುತ್ತದೆ. ಕೀಳಬೇಕು ನಿಜ. ಆದರೆ ನಾಲ್ಕು ದಿನ ಇರುವಾಗ ಗ್ಲೈಫೊಸೇಟ್ ಅನ್ನೋ ಕಳೆನಾಶಕ ಹೊಡೆದರೆ ಆಗುವುದೇನು? ಆ ಔಷಧ ಗಿಡದೊಳಗೆ ಇಳಿದು ಕೆಲಸ ಮಾಡಲು ವಾರಕ್ಕೂ ಮೇಲೆ ಬೇಕು. ಧ್ವಜದ ದಿನ ಅರೆಬರೆ ಹಳದಿ ಕಸ ನಿಂತಿರುತ್ತದೆ, ಅದರ ನಡುವೆ ಮಕ್ಕಳ ಕವಾಯತು. ಬೇಗ ಸುಡಬೇಕೆಂದು ಪ್ಯಾರಾಕ್ವಾಟ್ ತಂದರೆ ಅದು ಇನ್ನೂ ಕೆಟ್ಟದು. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೊಸೇಟನ್ನು ಕೀಟ ನಿಯಂತ್ರಣದ ವೃತ್ತಿಯವರ ಮೂಲಕ ಮಾತ್ರ ಬಳಸಬೇಕು ಎಂದು ಆದೇಶಿಸಿತು. ಹಳ್ಳಿ ಶಾಲೆಗೆ ಅಂಥವರು ಎಲ್ಲಿಂದ ಬರಬೇಕು?

ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಒಂದು ಜೀರುಂಡೆ ಈ ಕಸವನ್ನೇ ತಿನ್ನುತ್ತದೆ. ಮಳೆಗಾಲದಲ್ಲಿ ಎಲೆ ಜಾಲರಿಯಾಗಿದ್ದರೆ ಅದರದೇ ಕೆಲಸ. ಔಷಧ ಹೊಡೆದರೆ ಅದಕ್ಕೂ ಊಟ ಹೋಯಿತು. ನನ್ನನ್ನು ಕೇಳಿದರೆ, ಹೂ ಬಿಡುವ ಮೊದಲು, ಜುಲೈ ಮೊದಲ ಮಳೆಗಳ ಮಾರನೇ ದಿನ, ಕೈಗವಸು ಹಾಕಿದ ದೊಡ್ಡವರು ಬೇರು ಸಮೇತ ಕೀಳುವುದಕ್ಕಿಂತ ಸುಲಭದ ದಾರಿ ಇಲ್ಲ. ಮಸಾರಿ ನೆಲದಲ್ಲಿ ಸಲೀಸು. ಎರೆಯಲ್ಲಿ ಕಾಲಿಗೆ ಕೆಸರು ಮೆತ್ತುತ್ತದೆ, ಸ್ವಲ್ಪ ಆರಿದ ಮೇಲೆ ಹೋಗಬೇಕು. ಮಕ್ಕಳ ಕೈಯಲ್ಲಿ ಮಾತ್ರ ಕೀಳಿಸಬಾರದು. ಶ್ರಮದಾನದ ಹೆಸರಲ್ಲಿ ಅದು ನಡೆಯುತ್ತದೆ.

ಸೊಳ್ಳೆ ವಿಷಯಕ್ಕೆ 2006 ಮುಖ್ಯ. ಆ ವರ್ಷ ಚಿಕೂನ್‌ಗುನ್ಯಾ ದೇಶದಲ್ಲಿ ಸುಮಾರು 14 ಲಕ್ಷ ಜನರನ್ನು ಹಿಡಿಯಿತು ಎಂಬ ಅಂದಾಜಿದೆ. ಅರ್ಧಕ್ಕಿಂತ ಜಾಸ್ತಿ ಕರ್ನಾಟಕದವರು. ಆಗಿನಿಂದ ಫಾಗಿಂಗ್ ಎಂದರೆ ಏನೋ ನಡೆಯುತ್ತಿದೆ ಅನ್ನುವ ಗುರುತು. ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆ ಮಾತ್ರ. ನೀರಿನ ಗುಮ್ಮಿಯಲ್ಲಿರುವ ಮರಿಗೆ ಅದು ತಟ್ಟುವುದೇ ಇಲ್ಲ. ಡೆಂಗಿ, ಚಿಕೂನ್‌ಗುನ್ಯಾದ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಅಂದರೆ ಶಾಲೆ ಹೊತ್ತಿಗೇ. ಮೊಟ್ಟೆಯಿಂದ ಸೊಳ್ಳೆ ಆಗಲು ಎಂಟು ಹತ್ತು ದಿನ. ವಾರಕ್ಕೊಮ್ಮೆ ಗುಮ್ಮಿ, ಡ್ರಮ್ಮು ಖಾಲಿ ಮಾಡಿ ತಿಕ್ಕಿದರೆ ಸರಪಳಿ ತುಂಡಾಗುತ್ತದೆ. ಈಡಿಸ್ ಮೊಟ್ಟೆ ಗೋಡೆಗೆ ಅಂಟಿರುತ್ತದೆ, ಸುಮ್ನೆ ನೀರು ಚೆಲ್ಲಿದರೆ ಸಾಲದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಎಂದಿತು. ಅದೇ ವರ್ಷ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾಯಿತು. ಶಾಲೆಗಳ ಮಟ್ಟಿಗೆ ಇವೆರಡೂ ಒಳ್ಳೆಯ ಹೆಜ್ಜೆ.

ಭತ್ತದ ಸೀಮೆಯ ವಸತಿ ಶಾಲೆಗಳಿಗೆ ಇನ್ನೊಂದು ಕಾಟ ಇದೆ. ಭತ್ತ ತೆನೆಯಾಗುವ ಕಾಲಕ್ಕೆ ರಾತ್ರಿ ದೀಪಕ್ಕೆ ಜಿಗಿಹುಳು ಮುತ್ತುತ್ತವೆ. ಜೊತೆಗೆ ಕೆಂಪು ಕಪ್ಪು ಪಟ್ಟೆಯ ಪೀಡೆರಸ್ ಅನ್ನೋ ಸಣ್ಣ ಹುಳ. ಅದು ಕಚ್ಚುವುದಿಲ್ಲ. ಮೈಮೇಲೆ ಕೂತಾಗ ಹೊಡೆದು ಅರೆದರೆ ಅದರ ರಸಕ್ಕೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಊದಿ ಬಿಡಬೇಕು, ಸೋಪಿನಿಂದ ತೊಳೆಯಬೇಕು. ಕಿಟಕಿಗೆ ಜಾಳಿಗೆ, ಹೊರಗಿನ ದೀಪ ಹಳದಿ. ಕೋಣೆಗೆ ಸ್ಪ್ರೇ ಹೊಡೆದು ಅಲ್ಲೇ ಮಕ್ಕಳನ್ನು ಮಲಗಿಸುವುದಕ್ಕಿಂತ ಇದು ಅಗ್ಗ. ಹೆಜ್ಜೇನಿಗಂತೂ ಶಾಲೆ ಹೊತ್ತಲ್ಲಿ ಔಷಧ ಹೊಡೆಯಲೇಬಾರದು. ಕೆರಳಿ ಮಕ್ಕಳ ಮೇಲೆ ಏರುತ್ತವೆ. ಹೂವಿನ ಕಾಲ ಮುಗಿದರೆ ಅವು ತಾವಾಗಿಯೇ ಹೋಗುತ್ತವೆ.

ಕಾನೂನಿಗೆ ಬಂದರೆ, 1968ರ ಕಾಯ್ದೆಯ ಕಣ್ಣು ಇರುವುದು ತಯಾರಿಕೆ, ಮಾರಾಟದ ಮೇಲೆ. ಡಬ್ಬಿ ಮೇಲಿನ ತ್ರಿಕೋನದ ಬಣ್ಣ ನೋಡಿ ವಿಷದ ಮಟ್ಟ ತಿಳಿಯಬಹುದು. ಕೆಂಪು ಎಲ್ಲಕ್ಕಿಂತ ಅಪಾಯ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಕಡಿಮೆ ವಿಷ, ವಿಷ ಇಲ್ಲ ಎಂದಲ್ಲ. ಆದರೆ ಡಬ್ಬಿ ಅಂಗಡಿ ದಾಟಿ ಶಾಲೆಗೆ ಬಂದ ಮೇಲೆ ಯಾರಿಗೆ ತಿಳಿಸಬೇಕು, ಎಷ್ಟು ಹೊತ್ತು ಮಕ್ಕಳನ್ನು ದೂರ ಇಡಬೇಕು ಅನ್ನುವುದು ಆ ಕಾಯ್ದೆಯ ಚಿಂತೆ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2000ನೇ ಇಸವಿಯಲ್ಲೇ ಶಾಲೆಗೆಂದೇ ಒಂದು ಕಾಯ್ದೆ ಬಂತು. ಔಷಧ ಹೊಡೆಯುವ 24 ಗಂಟೆ ಮೊದಲು ಬೋರ್ಡು ಹಾಕಬೇಕು, ಹೊಡೆದ ಮೇಲೆ 72 ಗಂಟೆ ಅದು ಇರಬೇಕು, ಪಾಲಕರಿಗೆ ಮುಂಚೆ ಗೊತ್ತಿರಬೇಕು. ನಮ್ಮ ಶಾಲೆಯ ಸೂಚನಾ ಫಲಕಕ್ಕೆ ಇದು ಭಾರವಾಗುವ ಕೆಲಸವೇನಲ್ಲ. ಹಳೆ ಕಾಯ್ದೆ ಬದಲಿಸಲು 2008ರಲ್ಲಿ ಒಂದು ಮಸೂದೆ, 2020ರಲ್ಲಿ ಇನ್ನೊಂದು ಸಂಸತ್ತಿಗೆ ಬಂದವು.

ಬಿಡಿಸದೆ ಉಳಿದ ಗಂಟು ಪಕ್ಕದ ಹೊಲದ್ದು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಕಾಂಪೌಂಡ್ ಆಚೆಯೇ ಗದ್ದೆ ಇರುವ ಶಾಲೆಗಳುಂಟು. ಶಾಲೆಯೊಳಗೆ ಒಂದು ಹನಿ ಹೊಡೆಯದಿದ್ದರೂ ಗಾಳಿ ಈ ಕಡೆ ತಿರುಗಿದರೆ ಪ್ರಾರ್ಥನೆ ಸಾಲಿಗೆ ವಾಸನೆ ಬರುತ್ತದೆ. ರೈತನಿಗೂ ಕಷ್ಟ. ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತೇ ಹೊಡೆಯಲು ಸರಿ, ಕಂದು ಜಿಗಿಹುಳು ಬಿದ್ದರೆ ನಾಳೆ ನೋಡೋಣ ಅನ್ನಲು ಆಗುವುದಿಲ್ಲ. ಆದರೂ ಮಾತಾಡಿಕೊಳ್ಳಲು ಜಾಗ ಇದೆ. ಶನಿವಾರ ಬೆಳಗ್ಗೆ ಶಾಲೆ ಇರುತ್ತದೆ, ಅಂದು ಬೇಡ. ಭಾನುವಾರ ಆಗಬಹುದು. ಉಳಿದ ದಿನ ಶಾಲೆ ಬಿಟ್ಟ ಮೇಲೆ, ಸಂಜೆ. ಹೊಲದವರ ಮಕ್ಕಳೂ ಎಷ್ಟೋ ಸಲ ಅದೇ ಶಾಲೆಯಲ್ಲಿ ಓದುತ್ತಿರುತ್ತಾರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೂ ಅವರು ಬರುತ್ತಾರೆ. ಈ ಜುಲೈಯಲ್ಲಿ ಕಸದ ಮಾತು ಎದ್ದಾಗ ಇದನ್ನೂ ಅದೇ ಸಭೆಯಲ್ಲಿ ಕೇಳಬಹುದು.